ಸೊನ್ನೆ ತೆರಿಗೆಯ ದ್ವೀಪ: ಬಿಲ್ ಯಾರ ಹೆಸರಿಗೆ?

(1/6)

ಡೆಸ್ಪಾಸಿಟೊ ವಿಡಿಯೊ ನೋಡದವರು ನಮ್ಮಲ್ಲಿ ಯಾರೂ ಇಲ್ಲ ಬಿಡಿ. ಅದರಲ್ಲಿ ಸಮುದ್ರದ ಪಕ್ಕ ಬಣ್ಣಬಣ್ಣದ ಮನೆಗಳು ಕಾಣ್ತಾವಲ್ಲ, ಆ ಜಾಗದ ಹೆಸರು ಲಾ ಪೆರ್ಲಾ. ಪೋರ್ಟೊ ರಿಕೊ ದ್ವೀಪದ ರಾಜಧಾನಿ ಸ್ಯಾನ್ ಹ್ವಾನ್‌ನಲ್ಲಿ, ಹಳೇ ಕೋಟೆಗೋಡೆಯ ಹೊರಗಿರೋ ಬಡವರ ಕೇರಿ. ಹಾಡು ಬಂದಿದ್ದು 2017ರ ಜನವರಿಯಲ್ಲಿ. ನಾವೆಲ್ಲ ಆಗ ಸ್ಕೂಲು, ಅರ್ಥ ಗೊತ್ತಿಲ್ಲದೇ ಕಿರುಚ್ಕೊಂಡು ಹಾಡ್ತಿದ್ವಿ.

ಈಗ ಅದೇ ದ್ವೀಪ ನಮ್ಮ ಫೀಡಿಗೆ ಬೇರೆ ವೇಷದಲ್ಲಿ ಬರ್ತಿದೆ. ತೆಂಗಿನ ಮರ, ಮಡಿಲಲ್ಲಿ ಲ್ಯಾಪ್‌ಟಾಪ್, ಮೇಲೆ ದಪ್ಪ ಅಕ್ಷರದಲ್ಲಿ "ತೆರಿಗೆ 0%". ಕ್ರಿಪ್ಟೊ ಪೇಜುಗಳು, ಫೈನಾನ್ಸ್ ಪೇಜುಗಳು, ಎಲ್ಲ ಕಡೆ ಇದೇ. WWEಯಲ್ಲಿ ನೋಡ್ತೀವಲ್ಲ ಲೋಗನ್ ಪಾಲ್, ಅವನು 2021ರಲ್ಲಿ ಕ್ಯಾಲಿಫೋರ್ನಿಯ ಬಿಟ್ಟು ಅಲ್ಲಿಗೆ ಹೋದ. ತೆರಿಗೆಯೂ ಒಂದು ಕಾರಣ ಅಂತ ಅವನೇ ಹೇಳಿದ್ದಾನೆ. ನಮ್ಮವರ ಕಾಮೆಂಟು ನೋಡಿದ್ರೆ "ಲೈಫ್ ಅಂದ್ರೆ ಇದು ಗುರು", "ಬುದ್ಧಿವಂತರು ತೆರಿಗೆ ಕಟ್ಟಲ್ಲ".

ಈ ಎರಡನೇ ಕಾಮೆಂಟಿಗೇ ಈ ಸರಣಿ. ನಾವು ಬಿಕಾಂ ಓದ್ತಿರೋರು. ಒಂದು ಕಡೆ ಸೊನ್ನೆ ಕಂಡ್ರೆ ಎಂಟ್ರಿ ಇನ್ನೊಂದು ಕಡೆ ಎಲ್ಲಿ ಬಿದ್ದಿದೆ ಅಂತ ಹುಡುಕೋದು ನಮ್ಮ ಕೆಲಸ. ಹುಡುಕಿದೆ. ಅದು ಬಿದ್ದಿರೋದು ಅಲ್ಲಿ ಹುಟ್ಟಿ, ಅಲ್ಲೇ ಉಳಿದವರ ತಲೆ ಮೇಲೆ.

(2/6)

ಮೊದಲು ಕಾನೂನು. ಸ್ವಲ್ಪ ತಾಳ್ಮೆ ಇರಲಿ, ಮಜಾ ಇರೋದೇ ಇಲ್ಲಿ.

ಪೋರ್ಟೊ ರಿಕೊ ಸ್ವತಂತ್ರ ದೇಶ ಅಲ್ಲ, ಅಮೆರಿಕದ ರಾಜ್ಯವೂ ಅಲ್ಲ. 1898ರಲ್ಲಿ ಸ್ಪೇನ್ ಕೈಯಿಂದ ಅಮೆರಿಕ ಕಿತ್ಕೊಂಡ ನೆಲ. 1917ರಿಂದ ಅಲ್ಲಿನವರು ಅಮೆರಿಕದ ಪ್ರಜೆಗಳು, ಆದ್ರೆ ಅಧ್ಯಕ್ಷರ ಚುನಾವಣೆಯಲ್ಲಿ ವೋಟಿಲ್ಲ. ಅಮೆರಿಕದ ಪ್ರಜೆ ಜಗತ್ತಿನ ಯಾವ ಮೂಲೆಗೆ ಹೋದ್ರೂ ಅವರ ತೆರಿಗೆ ಇಲಾಖೆ ಬೆನ್ನು ಬಿಡಲ್ಲ. ಒಂದು ದೊಡ್ಡ ವಿನಾಯಿತಿ ಅಂದ್ರೆ ಈ ದ್ವೀಪ. ಇಲ್ಲಿನ ನಿಜವಾದ ನಿವಾಸಿ ಆದ್ರೆ, ಇಲ್ಲಿ ಹುಟ್ಟಿದ ಆದಾಯಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ, ಸ್ಥಳೀಯ ತೆರಿಗೆ ಮಾತ್ರ.

2012ರಲ್ಲಿ ದ್ವೀಪದ ಸರ್ಕಾರ ಎರಡು ಕಾಯ್ದೆ ತಂತು, 20 ಮತ್ತು 22. ಆಮೇಲೆ ಎರಡನ್ನೂ ಸೇರಿಸಿ 2019ರ 60ನೇ ಕಾಯ್ದೆ ಮಾಡಿದ್ರು. 20ರ ಪ್ರಕಾರ, ದ್ವೀಪದಲ್ಲಿ ಕೂತು ಹೊರಗಿನ ಗಿರಾಕಿಗಳಿಗೆ ಸೇವೆ ಮಾರೋ ಕಂಪನಿಗೆ ತೆರಿಗೆ 4%. 22ರ ಪ್ರಕಾರ, ಹೊರಗಿಂದ ಬಂದು ನೆಲೆಸೋ ಹೂಡಿಕೆದಾರನಿಗೆ ಬಡ್ಡಿ, ಡಿವಿಡೆಂಡ್, ಬಂದ ಮೇಲೆ ಬೆಳೆದ ಕ್ಯಾಪಿಟಲ್ ಗೇನ್ಸ್, ಎಲ್ಲಕ್ಕೂ 0%.

ಈ ಸೊನ್ನೆಗೆ ಷರತ್ತು ಏನು ಗೊತ್ತಾ? 60ನೇ ಕಾಯ್ದೆ ಪ್ರಕಾರ ಹಿಂದಿನ ಹತ್ತು ವರ್ಷ ನೀವು ಪೋರ್ಟೊ ರಿಕೊ ನಿವಾಸಿ ಆಗಿರಬಾರದು.

ಇನ್ನೊಂದ್ಸಲ ಓದಿ. ಊರಲ್ಲೇ ಇದ್ದವನಿಗೆ ಇಲ್ಲ, ಹೊರಗಿಂದ ಬಂದವನಿಗೆ ಉಂಟು.

ಲೆಕ್ಕ ಹಾಕೋಣ. ಒಂದೇ ಅಪಾರ್ಟ್‌ಮೆಂಟ್, ಒಂದೇ ಫ್ಲೋರ್, ಅಕ್ಕಪಕ್ಕದ ಎರಡು ಮನೆ. ಇಬ್ಬರೂ ಒಂದೇ ದಿನ ಬಿಟ್‌ಕಾಯಿನ್ ತಗೊಂಡು, ಎರಡು ವರ್ಷ ಇಟ್ಕೊಂಡು, ಒಂದೇ ದಿನ ಮಾರಿ ತಲಾ 1,00,000 ಡಾಲರ್ ಲಾಭ ಮಾಡಿದ್ರು. ಹೊರಗಿಂದ ಬಂದು 22ರ ಸರ್ಟಿಫಿಕೇಟ್ ತಗೊಂಡವನು ಕಟ್ಟೋದು 0. ಅಲ್ಲೇ ಹುಟ್ಟಿ ಬೆಳೆದವನಿಗೆ ದೀರ್ಘಾವಧಿ ಲಾಭದ ಸಾಮಾನ್ಯ ದರ 15%, ಅಂದ್ರೆ 15,000 ಡಾಲರ್. ಇಬ್ಬರೂ ಓಡಾಡೋದು ಅದೇ ರಸ್ತೆ, ಬೆಂಕಿ ಬಿದ್ರೆ ಇಬ್ಬರಿಗೂ ಬರೋದು ಅದೇ ಅಗ್ನಿಶಾಮಕ ಗಾಡಿ. ಡೀಸೆಲ್ ಮಾತ್ರ ಒಬ್ಬನ ದುಡ್ಡಲ್ಲಿ!

"ಊರಿನವನಿಗೂ ಸಿಗುತ್ತೆ, ಹತ್ತು ವರ್ಷ ಹೊರಗಿದ್ದು ವಾಪಸ್ ಬಂದ್ರೆ" ಅಂತ ಯಾರಾದ್ರೂ ವಾದ ಮಾಡಬಹುದು. ಹೌದು, ಸಿಗುತ್ತೆ. ಬಿಟ್ಟು ಹೋದವನಿಗೆ ಬಹುಮಾನ, ಉಳಿದವನಿಗೆ ದಂಡ. ಇದನ್ನ ಸಮರ್ಥನೆ ಅಂತೀರಾ?

(3/6)

ಈಗ ರೀಲ್‌ನಲ್ಲಿರೋ ಲ್ಯಾಪ್‌ಟಾಪ್ ವಿಷಯ. ಇದು ಯಾರೂ ಹೇಳಲ್ಲ.

ಆದಾಯ ತೆರಿಗೆ ಪೇಪರಲ್ಲಿ ಐದು ಹೆಡ್ ಬಾಯಿಪಾಠ ಮಾಡ್ತೀವಲ್ಲ? ಸಂಬಳ ಒಂದು, ಕ್ಯಾಪಿಟಲ್ ಗೇನ್ಸ್ ಇನ್ನೊಂದು. ಅಲ್ಲೂ ಅದೇ ಕಥೆ. ನೀವು ನ್ಯೂಯಾರ್ಕಿನ ಯಾವುದೋ ಕಂಪನಿಗೆ ಸಂಬಳಕ್ಕೆ ದುಡೀತಾ ದ್ವೀಪದಲ್ಲಿ ಕೂತ್ರೆ, ಆ ಕೆಲಸ ನಡೆದಿದ್ದು ದ್ವೀಪದಲ್ಲಿ, ಸಂಬಳವೂ ದ್ವೀಪದ ಆದಾಯ. ಅದಕ್ಕೆ ಪೋರ್ಟೊ ರಿಕೊದ ಸಾಮಾನ್ಯ ಸ್ಲ್ಯಾಬ್. ಮೇಲಿನ ದರ 33%. ಸೊನ್ನೆ ಎಲ್ಲಿ ಬಂತು? ಸೊನ್ನೆ ಇರೋದು ದುಡ್ಡಿಂದ ದುಡ್ಡು ಮಾಡೋರಿಗೆ. 4% ಇರೋದು ಸ್ವಂತ ಕಂಪನಿ ಇರೋರಿಗೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಸ್ಕ್ರೀನ್ ಮುಂದೆ ಕೂತು ದುಡಿಯೋ ನಿಮಗೆ, ನನಗೆ ತೋರಿಸೋದು ಸಮುದ್ರ ಮಾತ್ರ.

ಅದೂ ಅಲ್ಲಿಗೆ ಹೋಗೋಕೆ ಆದ್ರೆ ತಾನೆ? ಅದು ಅಮೆರಿಕದ ನೆಲ, ಅಮೆರಿಕದ ವೀಸಾ ಬೇಕು. ನ್ಯೂಜೆರ್ಸಿಯಲ್ಲಿ ಗ್ರೀನ್ ಕಾರ್ಡ್ ಇರೋ ನಿಮ್ಮ ಮಾವ ಬೇಕಾದ್ರೆ ಹೋಗಬಹುದು. ಹೋದ್ರೂ ವರ್ಷಕ್ಕೆ ಸುಮಾರು 183 ದಿನ ಅಲ್ಲಿರಬೇಕು, ಮನೆ, ಸಂಸಾರ, ವ್ಯವಹಾರದ ನಂಟು ಅಲ್ಲೇ ಇದೆ ಅಂತ ತೋರಿಸಬೇಕು. ಬರೀ ಅಡ್ರೆಸ್ ಬದಲಾಯಿಸಿ ಮಯಾಮಿಯಲ್ಲಿ ಇರ್ತೀನಿ ಅಂದ್ರೆ ನಡೆಯಲ್ಲ. 2021ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಈ 22ರ ಗಿರಾಕಿಗಳನ್ನೇ ಗುರಿಯಿಟ್ಟು ತಪಾಸಣೆ ಶುರು ಮಾಡ್ತು.

"ಅದಲ್ಲದಿದ್ರೆ ಬೇರೆ ದ್ವೀಪ" ಅನ್ನೋರಿಗೆ ಒಂದೇ ಸಾಲು: ಭಾರತದ ಮೂಲದಿಂದ 15 ಲಕ್ಷಕ್ಕಿಂತ ಹೆಚ್ಚು ಆದಾಯ ಇದ್ದು, ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನ ಇಲ್ಲಿನ ನಿವಾಸಿ ಅಂತಲೇ ಲೆಕ್ಕಕ್ಕೆ ತಗೋಬಹುದು ಅಂತ 2020ರ ಹಣಕಾಸು ಕಾಯ್ದೆಯಲ್ಲೇ ಬಂದಾಗಿದೆ. ರೆಸಿಡೆನ್ಶಿಯಲ್ ಸ್ಟೇಟಸ್ ಚಾಪ್ಟರ್ ಬಂಕ್ ಮಾಡಿದವರು ಯಾರು ಅಂತ ನನಗೆ ಗೊತ್ತು.

(4/6)

ಅಲ್ಲಿನ ಸರ್ಕಾರಕ್ಕೆ ತಲೆ ಕೆಟ್ಟಿತ್ತಾ, ಇಂಥ ಕಾಯ್ದೆ ಯಾಕೆ ತಂತು? ಹಿಂದಿನ ಕಥೆ ಕೇಳಿ.

ಹಿಂದೆ ಇದೇ ಆಟ ಔಷಧಿ ಕಂಪನಿಗಳ ಜೊತೆ ಆಡಿದ್ರು. 1976ರಿಂದ ಅಮೆರಿಕದ ತೆರಿಗೆ ಕಾನೂನಿನ 936ನೇ ಸೆಕ್ಷನ್ ಪ್ರಕಾರ, ದ್ವೀಪದಲ್ಲಿ ಕಾರ್ಖಾನೆ ಹಾಕಿದ ಅಮೆರಿಕನ್ ಕಂಪನಿಗಳಿಗೆ ಭಾರೀ ವಿನಾಯಿತಿ. 1996ರಲ್ಲಿ ಅದನ್ನ ಹಂತಹಂತವಾಗಿ ತೆಗೀತೀವಿ ಅಂದ್ರು, 2006ಕ್ಕೆ ಪೂರ್ತಿ ಮುಗೀತು. ಅದೇ ಹೊತ್ತಿಗೆ ದ್ವೀಪದ ಆರ್ಥಿಕತೆ ಕುಸಿಯೋಕೆ ಶುರು. ತೆರಿಗೆ ರಿಯಾಯಿತಿಗೆ ಅಂತ ಬಂದವರಲ್ಲಿ ತುಂಬಾ ಜನ ರಿಯಾಯಿತಿ ಮುಗಿದ ಮೇಲೆ ಉಳಿಯಲಿಲ್ಲ. ಸರ್ಕಾರ ಸಾಲ ಮಾಡ್ತು, ಆ ಸಾಲ ತೀರಿಸೋಕೆ ಇನ್ನೊಂದು ಸಾಲ. ಕೊನೆಗೆ ಬಾಂಡ್ ಸಾಲವೇ 7,000 ಕೋಟಿ ಡಾಲರ್ ದಾಟಿತು. ಆ ಕುಸಿತದ ಮಧ್ಯೆ ಬಂದಿದ್ದು 2012ರ ಕಾಯ್ದೆಗಳು. ಒಂದ್ಸಲ ಕೈ ಸುಟ್ಟ ಒಲೆಗೇ ಮತ್ತೆ ಕೈ.

2016ರಲ್ಲಿ ಅಮೆರಿಕ ಸಂಸತ್ತು ದ್ವೀಪದ ಖರ್ಚು ನೋಡ್ಕೊಳ್ಳೋಕೆ ಏಳು ಜನರ ಮಂಡಳಿ ಕೂರಿಸ್ತು. ನೇಮಿಸೋದು ಅಮೆರಿಕದ ಅಧ್ಯಕ್ಷರು, ಅಂದ್ರೆ ದ್ವೀಪದವರು ವೋಟ್ ಹಾಕೋಕೇ ಆಗದ ಮನುಷ್ಯ. ಜನ ಅದನ್ನ "ಲಾ ಹುಂಟಾ" ಅಂತಾರೆ.

ಮಂಡಳಿ ಕತ್ತರಿ ಹಾಕಿದ್ದು ಎಲ್ಲಿ? ಪೋರ್ಟೊ ರಿಕೊ ವಿಶ್ವವಿದ್ಯಾಲಯ, ಅವರ ಸರ್ಕಾರಿ ಯೂನಿವರ್ಸಿಟಿ, ಹನ್ನೊಂದು ಕ್ಯಾಂಪಸ್. ಅದಕ್ಕೆ 45 ಕೋಟಿ ಡಾಲರ್ ಕಡಿತದ ಮಾತು ಬಂತು. 2017ರಲ್ಲಿ ವಿದ್ಯಾರ್ಥಿಗಳು ಎರಡು ತಿಂಗಳಿಗೂ ಹೆಚ್ಚು ಮುಷ್ಕರ ಮಾಡಿದ್ರು, ಗೇಟಿಗೆ ಬೀಗ ಹಾಕಿ ಕೂತ್ರು. ಆದ್ರೂ ಮುಂದಿನ ವರ್ಷ ಡಿಗ್ರಿ ಮಕ್ಕಳ ಒಂದೊಂದು ಕ್ರೆಡಿಟ್‌ನ ಶುಲ್ಕ ಹತ್ತಿರ ಹತ್ತಿರ ದುಪ್ಪಟ್ಟು. 2018ರಲ್ಲೇ 250ಕ್ಕೂ ಹೆಚ್ಚು ಸರ್ಕಾರಿ ಶಾಲೆ ಮುಚ್ಚೋ ತೀರ್ಮಾನ.

ಅವರು ನಮ್ಮ ವಯಸ್ಸಿನವರು. ಪರೀಕ್ಷೆ ಫೀಸು ಇನ್ನೂರು ರೂಪಾಯಿ ಜಾಸ್ತಿ ಆದ್ರೆ ನಮ್ಮ ಗ್ರೂಪಲ್ಲಿ ಎಷ್ಟು ಗಲಾಟೆ ಆಗುತ್ತೆ ಅಂತ ಒಮ್ಮೆ ನೆನಪಿಸ್ಕೊಳ್ಳಿ. ಅವರ ಫೀಸು ಏರೋವಾಗ, ಅದೇ ದ್ವೀಪದಲ್ಲಿ ಕೋಟ್ಯಧಿಪತಿಗೆ ಲಾಭದ ಮೇಲೆ ಸೊನ್ನೆ. ಸರ್ಕಾರದ ಹತ್ರ ದುಡ್ಡಿಲ್ಲ ಅನ್ನೋ ಮಾತು ನಿಜ. ಯಾರಿಂದ ತಗೋಬಾರದು ಅಂತ ಅದೇ ಸರ್ಕಾರ ತೀರ್ಮಾನ ಮಾಡಿದ್ದೂ ನಿಜ.

(5/6)

ತೆರಿಗೆ ಸೊನ್ನೆ ಅಂತೀರಲ್ಲ, ಅಲ್ಲಿ ಅಂಗಡಿಗೆ ಹೋಗಿ ಒಂದು ಜೊತೆ ಶೂ ತಗೊಳ್ಳಿ. ಮಾರಾಟ ತೆರಿಗೆ 11.5%. ಅಮೆರಿಕದ ಯಾವ ರಾಜ್ಯದ ಸರಾಸರಿ ದರಕ್ಕಿಂತಲೂ ಹೆಚ್ಚು. ಅಡುಗೆ ಸಾಮಾನಿನ ಬಹುಭಾಗಕ್ಕೆ ವಿನಾಯಿತಿ ಇದೆ, ಒಪ್ಪಿದೆ. ಆದ್ರೆ ಪರೋಕ್ಷ ತೆರಿಗೆ ಬಡವನಿಗೇ ಹೆಚ್ಚು ಭಾರ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀವಲ್ಲ? ಆ ದ್ವೀಪದಲ್ಲಿ ಹತ್ತರಲ್ಲಿ ನಾಲ್ಕು ಜನ ಬಡತನ ರೇಖೆಗಿಂತ ಕೆಳಗೆ.

ಮನೆ ವಿಷಯ ಇನ್ನೂ ಕೆಟ್ಟದು. ಸೊನ್ನೆ ಬೇಕಂದ್ರೆ ಎರಡು ವರ್ಷದೊಳಗೆ ದ್ವೀಪದಲ್ಲಿ ಮನೆ ಕೊಳ್ಳಲೇಬೇಕು ಅಂತ 60ನೇ ಕಾಯ್ದೆಯಲ್ಲೇ ಇದೆ. ಒಳ್ಳೇ ಉದ್ದೇಶ ಇರಬಹುದು. ಆಗೋದೇನು? ಡಾಲರ್ ತುಂಬಿದ ಜೇಬಿನವರನ್ನ ಸಾಲಾಗಿ ಕರೆಸಿ, ಊರಿನವರು ಮನೆ ಹುಡುಕೋ ಮಾರುಕಟ್ಟೆಗೇ ನುಗ್ಗಿಸಿದ ಹಾಗೆ. ಒಂದೊಂದು ಮನೆ ದಿನಬಾಡಿಗೆಗೆ ಹೋದಂತೆಲ್ಲ ತಿಂಗಳ ಬಾಡಿಗೆಗೆ ಮನೆ ಕಮ್ಮಿ. ಹಳೇ ಸ್ಯಾನ್ ಹ್ವಾನ್ ಸುತ್ತಮುತ್ತ, ಕಡಲ ಪಕ್ಕದ ರಿಂಕೋನ್ ಊರಲ್ಲಿ ಇದೇ ಗೋಳು. 2021ರಲ್ಲಿ ರಿಂಕೋನ್ ಬೀಚಲ್ಲಿ ಅಪಾರ್ಟ್‌ಮೆಂಟಿನವರು ಈಜುಕೊಳ ಕಟ್ಟೋಕೆ ಹೊರಟಾಗ ಜನ ಅಲ್ಲೇ ಟೆಂಟ್ ಹಾಕಿ ಕೂತ್ರು. ಬೀಚು ಸಾರ್ವಜನಿಕರದ್ದು ಅನ್ನೋದು ಅವರ ಕಾನೂನು.

ಕರೆಂಟ್ ಕೇಳಬೇಡಿ. 2017ರ ಸೆಪ್ಟೆಂಬರಲ್ಲಿ ಮರಿಯಾ ಚಂಡಮಾರುತ ಬಂದ ಮೇಲೆ ಕೆಲವು ಮನೆಗಳಿಗೆ ಕರೆಂಟ್ ವಾಪಸ್ ಬರೋಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡೀತು. 2024ರ ಡಿಸೆಂಬರ್ 31ಕ್ಕೆ, ಹೊಸ ವರ್ಷದ ಹಿಂದಿನ ದಿನ, ಹೆಚ್ಚುಕಮ್ಮಿ ಇಡೀ ದ್ವೀಪ ಕತ್ತಲು. 2025ರ ಏಪ್ರಿಲಲ್ಲಿ ಮತ್ತೆ. ಜನರೇಟರ್ ಕೊಳ್ಳೋ ತಾಕತ್ತಿದ್ದವನ ಝೂಮ್ ಕಾಲ್ ನಡೆಯುತ್ತೆ. ಪಕ್ಕದ ಮನೆಯ ಅಜ್ಜಿಯ ಇನ್ಸುಲಿನ್ ಇಡೋ ಫ್ರಿಜ್ ನಿಲ್ಲುತ್ತೆ.

2010ರ ಜನಗಣತಿಯಲ್ಲಿ ಅಲ್ಲಿ 37 ಲಕ್ಷ ಜನ ಇದ್ರು. 2020ಕ್ಕೆ 33 ಲಕ್ಷಕ್ಕಿಂತ ಕಮ್ಮಿ. ಹತ್ತು ವರ್ಷದಲ್ಲಿ ಸುಮಾರು 4.4 ಲಕ್ಷ ಇಳಿಕೆ. ಇದಕ್ಕೆಲ್ಲ 22ನೇ ಕಾಯ್ದೆಯೇ ಕಾರಣ ಅಂತ ನಾನು ಹೇಳಲ್ಲ, ಕೆಲಸ ಇಲ್ಲ, ಸಾಲ, ಮರಿಯಾ, ಎಲ್ಲ ಸೇರಿದೆ. ಆದ್ರೆ ಊರಿನವರು ಗಂಟುಮೂಟೆ ಕಟ್ಟೋ ದಶಕದಲ್ಲೇ "ಬನ್ನಿ ಬನ್ನಿ" ಅಂತ ಕಾಯ್ದೆ ಮಾಡಿ ಕರೆದಿದ್ದು ಯಾರನ್ನ ಅನ್ನೋದು ಮರೆಯೋ ಮಾತಲ್ಲ.

(6/6)

ಡಿಎಂಗೆ ಬಂದ ಎರಡು ವಾದಕ್ಕೆ ಉತ್ತರ ಕೊಟ್ಟು ಮುಗಿಸ್ತೀನಿ.

ಒಂದು: "ಅವರು ಬಂದ್ರೆ ಹೂಡಿಕೆ ಬರುತ್ತೆ, ಕೆಲಸ ಹುಟ್ಟುತ್ತೆ." ಕೆಲಸ ಹುಟ್ಟಿಸಬೇಕು ಅಂತ 22ರ ಹೂಡಿಕೆದಾರನಿಗೆ ಷರತ್ತೇ ಇಲ್ಲ ಗುರು. ಕೇಳಿದ್ದು ಮನೆ, ಫೀಸು, 60ನೇ ಕಾಯ್ದೆ ಬಂದ ಮೇಲೆ ವರ್ಷಕ್ಕೆ 10,000 ಡಾಲರ್ ದಾನ. ಕೋಟಿಗಟ್ಟಲೆ ತೆರಿಗೆ ಉಳಿಸಿದವನಿಗೆ ಅದು ಟಿಪ್ಸ್. ತೆರಿಗೆ ಅಂದ್ರೆ ಹಕ್ಕಿನಿಂದ ಕೇಳಬಹುದು, ದಾನಕ್ಕೆ ಕೈ ಚಾಚಿ ನಿಲ್ಲಬೇಕು. ಮತ್ತೆ, ಫೋನಲ್ಲಿ ಕಾಯಿನ್ ಮಾರಿ ಬಂದ ಲಾಭಕ್ಕೆ ಪೋರ್ಟೊ ರಿಕೊದಲ್ಲಿ ಎಷ್ಟು ಜನಕ್ಕೆ ಕೆಲಸ ಸಿಗುತ್ತೆ? ಮನೆ ಗುಡಿಸೋಕೆ ಒಬ್ಬರು, ಈಜುಕೊಳ ತೊಳೆಯೋಕೆ ಒಬ್ಬರು.

ಎರಡು: "ಎಲ್ಲ ಕಾನೂನುಬದ್ಧ, ನಿನಗ್ಯಾಕೆ ಹೊಟ್ಟೆಯುರಿ?" ಕಾನೂನುಬದ್ಧ ಅನ್ನೋದೇ ನನ್ನ ತಕರಾರು. ಕದ್ದಿದ್ರೆ ಪೊಲೀಸರಿದ್ದಾರೆ. ಇಲ್ಲಿ ಕಾನೂನೇ ಇಬ್ಬರು ನೆರೆಯವರನ್ನ ನಿಲ್ಲಿಸಿ, ನೀನು ಇಲ್ಲಿಯವನು, ಹಾಗಾಗಿ ನೀನು ಕಟ್ಟು ಅಂತಿದೆ. ಅಲ್ಲಿಗೆ ಹೋಗಿ ಬಾಡಿಗೆ ಮನೆಯಲ್ಲಿ ಕೂತು ಕೋಡ್ ಬರೆಯೋ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ಅಲ್ಲೇ ತೆರಿಗೆ ಕಟ್ತಿದ್ದಾನೆ. ಸಿಟ್ಟಿರೋದು ಈ ಕಾಯ್ದೆ ಮೇಲೆ. ಮತ್ತೆ ಅದನ್ನ "ಸ್ಮಾರ್ಟ್ ಮೂವ್" ಅಂತ ಇಪ್ಪತ್ತು ವರ್ಷದ ನಮಗೆ ಮಾರೋ ಪೇಜುಗಳ ಮೇಲೆ.

ದ್ವೀಪದವರು ಏನಂತಾರೆ ಅಂತ ಬೇಕಿದ್ರೆ ಬ್ಯಾಡ್ ಬನ್ನಿಯ "ಎಲ್ ಅಪಗೋನ್" ವಿಡಿಯೊ ನೋಡಿ. ಹೆಸರಿನ ಅರ್ಥ ಕರೆಂಟ್ ಹೋಗೋದು. 2022ರಲ್ಲಿ ಬಂತು, ಹಾಡು ಮುಗಿದ ಮೇಲೂ ವಿಡಿಯೊ ಮುಗಿಯಲ್ಲ. ಬಿಯಾಂಕಾ ಗ್ರೌಲಾವ್ ಅನ್ನೋ ಪತ್ರಕರ್ತೆ ಮಾಡಿದ ಪೂರ್ತಿ ಒಂದು ಡಾಕ್ಯುಮೆಂಟರಿ ಅದರೊಳಗಿದೆ, ಮನೆ ಬಿಡಿಸಿಕೊಂಡವರ ಬಗ್ಗೆ, ಇದೇ ಕಾಯ್ದೆ ಬಗ್ಗೆ. ಅದೇ ಬ್ಯಾಡ್ ಬನ್ನಿ 2025ರಲ್ಲಿ ಸ್ಯಾನ್ ಹ್ವಾನ್‌ನಲ್ಲಿ ಸಾಲು ಸಾಲು ಶೋ ಮಾಡಿದಾಗ ಮೊದಲ ಒಂಬತ್ತು ಶೋ ಟಿಕೆಟ್ ದ್ವೀಪದ ನಿವಾಸಿಗಳಿಗೆ ಮಾತ್ರ ಅಂದ. ಇಷ್ಟು ವರ್ಷದಲ್ಲಿ ಅಲ್ಲೇ ಇದ್ದವರಿಗೂ ಒಂದು ರಿಯಾಯಿತಿ ಸಿಕ್ತು ನೋಡಿ!

ಲೆಕ್ಕದಲ್ಲಿ ತಪ್ಪು ಕಂಡ್ರೆ ಕಾಮೆಂಟಲ್ಲಿ ಸೆಕ್ಷನ್ ಸಮೇತ ಬರೀರಿ. "ಬುದ್ಧಿವಂತರು ತೆರಿಗೆ ಕಟ್ಟಲ್ಲ" ಅಂತ ಬರೆದವರು ಮೊದಲು ಎರಡನೇ ಪೋಸ್ಟಿನ 15,000 ಡಾಲರ್ ಯಾಕೆ ಊರಿನವನೊಬ್ಬನೇ ಕಟ್ಟಬೇಕು ಅಂತ ಹೇಳಿ, ಆಮೇಲೆ ಮಾತಾಡೋಣ.

#ಪೋರ್ಟೊರಿಕೊ #ತೆರಿಗೆ #ಬಿಕಾಂಕನ್ನಡ