ಮನೆಯ ಮಾತು: ಒಂಟಿ ಕೈಗವಸು



ಓದುವ ಮಕ್ಕಳಿರುವ ಗೃಹಸ್ಥರಿಗೆಲ್ಲ ಒಂದಲ್ಲ ಒಂದು ದಿನ ಬಂದೊದಗುವ ಪ್ರಶ್ನೆಯೊಂದುಂಟು. ಮಗನೋ ಮಗಳೋ ಪುಸ್ತಕವನ್ನು ಮುಚ್ಚಿಟ್ಟು, ನಮ್ಮ ಕಣ್ಣಿಗೆ ಆಟದಂತೆ ಕಾಣುವ ಯಾವುದೋ ಕೆಲಸದಲ್ಲಿ ಊಟ ನಿದ್ರೆಗಳನ್ನು ಮರೆತು ತೊಡಗಿರುವಾಗ, ಹಿರಿಯರಾದವರು ಅದನ್ನು ತಡೆಯತಕ್ಕದ್ದೋ, ಕಂಡೂ ಕಾಣದಂತಿರತಕ್ಕದ್ದೋ, ಅಥವಾ ತಾವೂ ಕೈಗೂಡಿಸತಕ್ಕದ್ದೋ? ಇದಕ್ಕೆ ಉತ್ತರವನ್ನು ನಾವು ಗ್ರಂಥಗಳಲ್ಲಿ ಹುಡುಕಲಿಲ್ಲ. ನಮ್ಮ ಅಕ್ಕನ ಮನೆಯಲ್ಲಿ ಕಣ್ಣಾರೆ ಕಂಡೆವು. ಆ ಸಂಗತಿಯನ್ನೇ ಈ ತಿಂಗಳು ನಿವೇದಿಸುತ್ತೇವೆ.

2023ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ನಾವು ಇಂಗ್ಲೆಂಡಿಗೆ ಹೋಗಿ, ಲಂಡನ್ನಿಗೆ ಪಶ್ಚಿಮದಲ್ಲಿ ಥೇಮ್ಸ್ ನದಿಯ ದಡದಲ್ಲಿರುವ ರೆಡಿಂಗ್ ಪಟ್ಟಣದಲ್ಲಿ ಅಕ್ಕಭಾವಂದಿರ ಮನೆಯಲ್ಲಿ ಕೆಲವು ವಾರ ತಂಗಿದ್ದೆವು. ನಮ್ಮ ತಾಯಿಯವರೂ ಆಗ ಅಲ್ಲಿಯೇ ಇದ್ದರು. ಅಕ್ಕನ ಮಗಳಿಗೆ ಹದಿನೇಳು ವರ್ಷ. ವಿಶ್ವವಿದ್ಯಾನಿಲಯವನ್ನು ಸೇರುವ ಮುನ್ನ ಆ ದೇಶದ ಮಕ್ಕಳು ಕೊಡುವ ‘ಎ ಲೆವೆಲ್’ ಪರೀಕ್ಷೆಗೆ ಅವಳು ಓದುತ್ತಿದ್ದಳು. ಗಣಿತ, ಭೌತಶಾಸ್ತ್ರಗಳ ಜೊತೆಗೆ ಅವಳು ಆರಿಸಿಕೊಂಡಿದ್ದ ಮೂರನೆಯ ವಿಷಯ ‘ಮೀಡಿಯಾ ಸ್ಟಡೀಸ್’. ಎಂದರೆ ಪತ್ರಿಕೆ, ರೇಡಿಯೋ, ಚಲಚ್ಚಿತ್ರ, ಜಾಹೀರಾತು ಮೊದಲಾದವುಗಳ ವ್ಯಾಸಂಗ. ಇದರಲ್ಲಿ ನೂರಕ್ಕೆ 70 ಪಾಲು ಅಂಕಗಳು ಬರವಣಿಗೆಯ ಪರೀಕ್ಷೆಗೆ. ಮಿಕ್ಕ 30 ಪಾಲು ವಿದ್ಯಾರ್ಥಿಯು ತಾನೇ ಯೋಜಿಸಿ ತಯಾರಿಸಿದ ಕೃತಿಗೆ. ನಮ್ಮ ಹುಡುಗಿ ಕೈಗೆತ್ತಿಕೊಂಡದ್ದು ಮ್ಯೂಸಿಕ್ ವಿಡಿಯೋ, ಎಂದರೆ ಹಾಡಿಗೆ ಹೊಂದುವ ಮೂರು ನಿಮಿಷದ ಚಿತ್ರ. ಶೈಲಿ ‘ಇಂಡೀ ಪಾಪ್’.

ಈ ಹೆಸರು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸದಾಗಿದ್ದೀತು. ‘ಇಂಡಿಪೆಂಡೆಂಟ್’ ಎಂಬ ಶಬ್ದದ ಮೊಟಕುರೂಪವೇ ‘ಇಂಡೀ’. ದೊಡ್ಡ ರೆಕಾರ್ಡು ಕಂಪನಿಗಳ ಹಂಗಿಲ್ಲದೆ, ಸಣ್ಣ ಸಂಸ್ಥೆಗಳು ಅಲ್ಪ ಬಂಡವಾಳದಿಂದ ಹೊರತಂದ ಸಂಗೀತಕ್ಕೆ ಈ ಹೆಸರು ಬಂದಿತು. ಬ್ರಿಟನ್ನಿನಲ್ಲಿ ಇಂಥ ರೆಕಾರ್ಡುಗಳ ಮಾರಾಟಕ್ಕೆಂದೇ 1980ರಲ್ಲಿ ಪ್ರತ್ಯೇಕವಾದ ಪಟ್ಟಿ ಪ್ರಾರಂಭವಾಯಿತು. 1986ರಲ್ಲಿ ‘ಎನ್.ಎಂ.ಇ.’ ಎಂಬ ಸಂಗೀತದ ವಾರಪತ್ರಿಕೆಯು 22 ತಂಡಗಳ ಹಾಡುಗಳನ್ನು ‘ಸಿ86’ ಎಂಬ ಒಂದೇ ಕ್ಯಾಸೆಟ್ಟಿನಲ್ಲಿ ಕೂಡಿಸಿ ಹೊರಡಿಸಿತು. ಗಿಟಾರಿನ ತಿಳಿಯಾದ ನಾದ, ಪಕ್ಕದ ಮನೆಯವರದೆಂಬಂಥ ಕಂಠ, ನಿತ್ಯಜೀವನದ ಸಣ್ಣ ಸುಖದುಃಖ, ಇವೇ ಆ ಗಾನದ ಲಕ್ಷಣಗಳು. ಬ್ರಿಸ್ಟಲ್ ನಗರದಲ್ಲಿ 1987ರಲ್ಲಿ ಹುಟ್ಟಿದ ಸಾರಾ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆಯು 1995ರಲ್ಲಿ ತನ್ನ ನೂರನೆಯ ಪ್ರಕಟಣೆಯೊಡನೆ ತಾನಾಗಿಯೇ ಬಾಗಿಲು ಹಾಕಿಕೊಂಡಿತಂತೆ. ‘ಇಷ್ಟು ಸಾಕು’ ಎನ್ನಬಲ್ಲ ವ್ಯಾಪಾರಿಗಳೂ ಲೋಕದಲ್ಲಿರುವರೆಂಬುದು ಸಂತೋಷದ ವಿಷಯ.

ಭಾವನವರಿಗೆ ಈ ಕೆಲಸ ಹಿಡಿಸಲಿಲ್ಲ. ಗಣಿತಕ್ಕೆ ಕೊಡಬೇಕಾದ ಸಂಜೆಗಳನ್ನು ಈ ಚಿತ್ರವು ತಿನ್ನುತ್ತಿದೆಯೆಂಬುದು ಅವರ ಕೊರಗು. “ಸಿನಿಮಾ ತೆಗೆಯುವುದಕ್ಕೆ ಲಕ್ಷ ಲಕ್ಷ ಹಣ ಬೇಕು. ನಿನ್ನ ಕೈಯಲ್ಲಿ ಇರುವುದೊಂದು ಫೋನು. ಏನು ಮಾಡೀಯಮ್ಮಾ?” ಎಂದು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದರು.

ಹುಡುಗಿ ಎರಡು ದೃಷ್ಟಾಂತಗಳನ್ನು ಕೊಟ್ಟಳು. 1965ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಲಂಡನ್ನಿನ ಸವಾಯ್ ಹೋಟೆಲಿನ ಹಿಂದಣ ಓಣಿಯಲ್ಲಿ ನಿಂತು, ತನ್ನ ಹಾಡಿನ ಮಾತುಗಳನ್ನು ಬರೆದ ಹಲಗೆಕಾಗದಗಳನ್ನು ಒಂದೊಂದಾಗಿ ತೋರಿಸಿ ಕೆಳಗೆ ಬಿಸುಟನು. ಪೆನೆಬೇಕರ್ ಎಂಬಾತನು ಅದನ್ನು ಚಿತ್ರಿಸಿದನು. ಅದರಲ್ಲಿ ಇದ್ದುದು ಓಣಿ, ಕಾಗದ, ಮಸಿ, ಇಷ್ಟೇ. 2006ರಲ್ಲಿ ‘ಓಕೆ ಗೋ’ ಎಂಬ ತಂಡದ ನಾಲ್ವರು, ವ್ಯಾಯಾಮಕ್ಕಾಗಿ ಜನರು ನಡೆಯುವ ಎಂಟು ಟ್ರೆಡ್‌ಮಿಲ್ ಯಂತ್ರಗಳ ಮೇಲೆ ಕುಣಿದು, ನಡುವೆ ಎಲ್ಲಿಯೂ ಕತ್ತರಿಯಿಲ್ಲದೆ ಒಂದೇ ಓಟದಲ್ಲಿ ಚಿತ್ರವನ್ನು ತೆಗೆದರು. ನೃತ್ಯವನ್ನು ಹೂಡಿದವಳು ಗಾಯಕನ ಅಕ್ಕ. ಹದಿನೇಳು ಸಾರಿ ಪ್ರಯತ್ನಿಸಿದರಂತೆ. ಮರುವರ್ಷ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು.

“ಹದಿನೇಳು ಸಾರಿ!” ಎಂದು ಭಾವನವರು ನಿಟ್ಟುಸಿರುಬಿಟ್ಟರು. ಅವರ ಮನಸ್ಸಿನಲ್ಲಿ ನಿಂತದ್ದು ಪ್ರಶಸ್ತಿಯಲ್ಲ, ಆ ಸಂಖ್ಯೆ.

ಹಾಡು ಆ ಪಟ್ಟಣದ ಒಂದು ಸಣ್ಣ ತಂಡದ್ದು. ಚಿತ್ರವೆಲ್ಲ ವಿದ್ಯಾರ್ಥಿಯದೇ ಆಗಿರಬೇಕು. ಹಾಡು ಮಾತ್ರ ಬೇರೆಯವರದಾಗಬಹುದು. ಆದರೂ ಹುಡುಗಿ ತಂಡದವರಿಗೆ ಇ-ಮೇಲ್ ಬರೆದು, ಪರೀಕ್ಷೆಗೂ ಶಾಲೆಯ ಪ್ರದರ್ಶನಕ್ಕೂ ಉಪಯೋಗಿಸಲು ಒಪ್ಪಿಗೆಯನ್ನು ಪಡೆದಳು. ಮತ್ತೊಬ್ಬರ ಹಿತ್ತಲಿನ ಹೂವನ್ನು ದೇವರ ಪೂಜೆಗಾದರೂ ಕೇಳಿ ಕೊಯ್ಯುವುದೇ ಲೇಸಲ್ಲವೇ?

ಕಥೆಯ ಬೀಜ ಬೀದಿಯಲ್ಲಿ ಸಿಕ್ಕಿತು. ಚಳಿಗಾಲದಲ್ಲಿ ಅಲ್ಲಿ ದಾರಿಹೋಕರು ಕೈಗವಸುಗಳನ್ನು ಬೀಳಿಸಿಕೊಂಡು ಹೋಗುವುದು ಸಾಮಾನ್ಯ. ಕಂಡವರು ಅದನ್ನೆತ್ತಿ ಹತ್ತಿರದ ಬೇಲಿಯ ಕಂಬಿಗೆ ಸಿಕ್ಕಿಸುತ್ತಾರೆ, ಕಳೆದುಕೊಂಡವರು ಮರಳಿ ಬಂದರೆ ಕಾಣಲೆಂದು. ನಮ್ಮ ಹುಡುಗಿಯ ಚಿತ್ರದಲ್ಲಿ ತರುಣಿಯೊಬ್ಬಳು ಅಂಥ ಒಂಟಿ ಕೈಗವಸನ್ನು ಕಂಡು, ಅದರ ಒಡೆಯರನ್ನು ಅರಸುತ್ತ ಊರೆಲ್ಲ ತಿರುಗುತ್ತಾಳೆ. ಕಡೆಯಲ್ಲಿ ಒಂದು ಕಿಟಕಿಯೊಳಗೆ, ಗವಸಿಲ್ಲದ ಒಂದು ಮುದಿಕೈ ಕಾಣುತ್ತದೆ. ತರುಣಿಯಾಗಿ ಅವಳ ಸಹಪಾಠಿ. ಮುದಿಕೈ ನಮ್ಮ ತಾಯಿಯವರದು. “ಮುಖ ಕೇಳಬೇಡ, ಕೈ ಬೇಕಾದರೆ ಕೊಡುತ್ತೇನೆ” ಎಂದು ಅವರು ಮೊದಲೇ ಕರಾರು ಮಾಡಿಕೊಂಡಿದ್ದರು. ಕೈಗವಸೂ ಅವರದೇ, ಕೆಂಪು ಉಣ್ಣೆಯದು, ಅಂಗೈಗೆ ಕರಿಯ ಚರ್ಮದ ಹೊಲಿಗೆಯುಳ್ಳದ್ದು.

ಇನ್ನು ಲೆಕ್ಕಾಚಾರ. ಹಾಡು ಮೂರು ನಿಮಿಷ. ನಿಮಿಷಕ್ಕೆ 120 ತಾಳದ ಪೆಟ್ಟು. ನಾಲ್ಕು ಪೆಟ್ಟಿಗೆ ಒಂದು ಆವರ್ತವೆಂದರೆ ಒಟ್ಟು 90 ಆವರ್ತ, ಒಂದೊಂದೂ ಎರಡು ಸೆಕೆಂಡು. ಹುಡುಗಿ 54 ಚೌಕಗಳನ್ನು ಗೀಚಿ, ಪ್ರತಿಯೊಂದರೊಳಗೂ ಕಡ್ಡಿಯಂಥ ಮನುಷ್ಯರನ್ನು ಬರೆದು, ಅದು ಎಷ್ಟು ಆವರ್ತ ನಿಲ್ಲುವುದೆಂದು ಕೆಳಗೆ ಗುರುತಿಸಿದಳು. ಇದಕ್ಕೆ ‘ಸ್ಟೋರಿಬೋರ್ಡ್’ ಎನ್ನುತ್ತಾರೆ. ಇದರೊಡನೆ, ಏನನ್ನು ಏತಕ್ಕಾಗಿ ಮಾಡಹೊರಟಿರುವೆನೆಂದು ಸುಮಾರು 500 ಶಬ್ದಗಳ ಉದ್ದೇಶಪತ್ರವನ್ನೂ ಬರೆದೊಪ್ಪಿಸಬೇಕು. ಇಷ್ಟನ್ನು ಕಂಡು ಕೆಲಸ ಅರ್ಧ ಮುಗಿಯಿತೆಂದೇ ನಾವೆಲ್ಲ ಭಾವಿಸಿದೆವು.

ಮೊದಲನೆಯ ಶನಿವಾರ ಆ ಭ್ರಮೆ ಹರಿಯಿತು. ಹುಡುಗಿಯೂ ಮೂವರು ಗೆಳತಿಯರೂ ಹಾಡಿನ ಕ್ರಮದಲ್ಲಿಯೇ ಚಿತ್ರ ತೆಗೆಯಹೊರಟರು. ಮೊದಲನೆಯ ಚೌಕ ನದಿಯ ದಡ, ಎರಡನೆಯದು ಮನೆಯ ಬಾಗಿಲು, ಮೂರನೆಯದು ಪುನಃ ನದಿಯ ದಡ. ಹೀಗೆ ಹಗಲೆಲ್ಲ ಓಡಾಟದಲ್ಲಿಯೇ ಕಳೆಯಿತು. ನವೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯಾಸ್ತ. ಕತ್ತಲಾಗುವ ಹೊತ್ತಿಗೆ 54ರಲ್ಲಿ ಆದದ್ದು 17. ಅವುಗಳಲ್ಲಿಯೂ ಫೋನು ತನ್ನಷ್ಟಕ್ಕೆ ತಾನೇ ಬೆಳಕನ್ನು ಹೆಚ್ಚುಕಡಿಮೆ ಮಾಡಿಕೊಂಡದ್ದರಿಂದ, ಒಂದೇ ಮುಖ ಒಮ್ಮೆ ಸುಣ್ಣದಂತೆ ಬಿಳುಪಾಗಿ, ಮತ್ತೊಮ್ಮೆ ಮಸಿಯಂತೆ ಕಪ್ಪಾಗಿ ಕಾಣುತ್ತಿತ್ತು. ತಾಯಿಯವರು ಚಿತ್ರಗಳನ್ನು ನೋಡಿ, “ಏನೇ, ಬೇಲಿಯ ಮೇಲಿರುವುದು ಎಡಗೈದು, ಹುಡುಗಿ ಹಿಡಿದಿರುವುದು ಬಲಗೈದು!” ಎಂದರು. ಚರ್ಮದ ಹೊಲಿಗೆ ಗುಟ್ಟನ್ನು ಬಯಲುಮಾಡಿತ್ತು. ಹುಡುಗಿ ಮಾತಿಲ್ಲದೆ ಎದ್ದು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಆ ರಾತ್ರಿ ಭಾವನವರು ಮಗಳ ಬಾಗಿಲು ತಟ್ಟಿ, “ಪುಟ್ಟೀ, ಮದುವೆಮುಂಜಿಗಳ ಚಿತ್ರ ತೆಗೆಯುವವರು ಇಲ್ಲಿಯೂ ಇದ್ದಾರೆ. ಒಬ್ಬರನ್ನು ಕರೆಸೋಣ, ಹಣ ನಾನು ಕೊಡುತ್ತೇನೆ. ನೀನು ಗಣಿತ ಓದಿಕೋ” ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ಮಮತೆಯೇ ಇತ್ತು. ಮಗಳು, “ಇದು ನನ್ನ ಕೆಲಸವೆಂದು ನಾನು ಸಹಿ ಹಾಕಿ ಒಪ್ಪಿಸಬೇಕು ಅಪ್ಪಾ. ಗೆಳತಿಯರು ನಾನು ಹೇಳಿದಂತೆ ನಟಿಸಬಹುದು, ಫೋನು ಹಿಡಿಯಬಹುದು. ದುಡ್ಡು ಕೊಟ್ಟು ಮಾಡಿಸಿದ್ದಕ್ಕೆ ಹೇಗೆ ಸಹಿ ಹಾಕಲಿ?” ಎಂದಳು. ಭಾವನವರು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಬಳಿಕ, “ಹಾಗಾದರೆ ಆ ನಿನ್ನ ಚೌಕಗಳನ್ನು ತಾ, ನೋಡೋಣ” ಎಂದರು.

ಹಿರಿಯರಾದವರು ಕೈಗೂಡಿಸುವ ಬಗೆ ಯಾವುದೆಂಬುದನ್ನು ನಾವು ಅಂದು ಕಂಡೆವು. ಭಾವನವರು ಒಂದು ಚೌಕವನ್ನೂ ಬದಲಾಯಿಸಲಿಲ್ಲ. ಪ್ರಶ್ನೆಗಳನ್ನು ಮಾತ್ರ ಕೇಳಿದರು: ನದಿಯ ದಡದ್ದು ಎಷ್ಟು? ಬಿಸಿಲು ಬೇಕಾದದ್ದು ಯಾವುದು? ಮೋಡವಿದ್ದರೂ ನಡೆಯುವುದು ಯಾವುದು? ಮಗಳು ಚೌಕಗಳನ್ನು ಕತ್ತರಿಸಿ ಊಟದ ಮೇಜಿನ ಮೇಲೆ ಹರಡಿ, ಹಾಡಿನ ಕ್ರಮವನ್ನು ಬಿಟ್ಟು, ಸ್ಥಳದ ಕ್ರಮದಲ್ಲಿಯೂ ಬೆಳಕಿನ ಕ್ರಮದಲ್ಲಿಯೂ ಜೋಡಿಸಿದಳು. ನದಿಯವೆಲ್ಲ ಬೆಳಗಿನ ಹತ್ತರಿಂದ ಹನ್ನೆರಡರೊಳಗೆ, ಬೀದಿಯವು ಮಧ್ಯಾಹ್ನ, ಕಿಟಕಿಯದು ಮೂರು ಗಂಟೆಯ ಓರೆಬಿಸಿಲಿನಲ್ಲಿ. ತೆಗೆಯುವ ಕ್ರಮ ಬೇರೆ, ನೋಡುವ ಕ್ರಮ ಬೇರೆ ಎಂಬುದೇ ಈ ವಿದ್ಯೆಯ ಮೊದಲನೆಯ ಪಾಠ. ಫೋನಿನ ಗಾಜಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬೆಳಕು ಒಂದೇ ಮಟ್ಟದಲ್ಲಿ ನಿಲ್ಲುವುದೆಂಬುದನ್ನೂ ಕಲಿತಳು. ಬಲಗೈಯ ಗವಸನ್ನು ಅಕ್ಕ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಎರಡನೆಯ ಶನಿವಾರ ನಾವೂ ಜೊತೆಗೆ ಹೋದೆವು. ಒಂದು ಸ್ಥಳದಲ್ಲಿ ತರುಣಿಯು ಹಾಡುತ್ತಿರುವಂತೆ ತುಟಿಯಾಡಿಸಬೇಕು. ಆದರೆ ಉದುರುವ ಎಲೆಗಳೂ ಹಾರುವ ಕೂದಲೂ ಕನಸಿನಲ್ಲಿಯಂತೆ ನಿಧಾನವಾಗಿ ಚಲಿಸಬೇಕು. ಇದಕ್ಕೊಂದು ಉಪಾಯವುಂಟು. ಚಿತ್ರವನ್ನು ಸೆಕೆಂಡಿಗೆ 25ರ ಬದಲು 50ರಂತೆ ತೆಗೆದು, ತೋರಿಸುವಾಗ 25ರಂತೆ ಓಡಿಸಿದರೆ ಚಲನೆಯೆಲ್ಲ ಅರ್ಧ ವೇಗಕ್ಕೆ ಇಳಿಯುತ್ತದೆ. ತುಟಿಗಳು ಮಾತ್ರ ಹಾಡಿಗೆ ಸರಿಹೊಂದಬೇಕಾದರೆ, ತೆಗೆಯುವಾಗ ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಿ, ಹುಡುಗಿಯೂ ಇಮ್ಮಡಿ ವೇಗದಲ್ಲಿ ತುಟಿಯಾಡಿಸಬೇಕು. ಗಿಳಿಯ ಕಿಚಿಕಿಚಿಯಂತೆ ಕೇಳುವ ಆ ಹಾಡನ್ನು ನುಡಿಸುವ ಪೆಟ್ಟಿಗೆಯನ್ನು ಹಿಡಿದು ನಿಂತವರು ಭಾವನವರು. ನಾಯಿಗಳೊಡನೆ ತಿರುಗಾಡಲು ಬಂದ ಜನ ನಿಂತು ನೋಡಿ ನಕ್ಕರು. ಭಾವನವರು ಪೆಟ್ಟಿಗೆಯನ್ನು ಕೆಳಗಿಡಲಿಲ್ಲ.

ಮೂರು ಗಂಟೆಗೆ ತಾಯಿಯವರು ಕಿಟಕಿಯ ಬಳಿ ಕುಳಿತರು. ಮೋಡ ಬಂದಿತು, ಹೋಯಿತು, ಪುನಃ ಬಂದಿತು. ಮುಂದಿನ ದಿನವೂ ಅದೇ ಹೊತ್ತಿಗೆ ಕುಳಿತರು. ಎರಡೂ ದಿನ ಸೇರಿ ಎರಡು ಗಂಟೆಯ ಕಾಲ ಆ ಕೈ ಕಿಟಕಿಯ ಹಲಗೆಯ ಮೇಲಿತ್ತು.

ಜೋಡಣೆಯ ಕೆಲಸ ಇನ್ನೆರಡು ವಾರ ಹಿಡಿಯಿತು. ಅರ್ಧ ಸೆಕೆಂಡಿನ ಒಂದು ಪೆಟ್ಟಿಗೆ ಹನ್ನೆರಡೂವರೆ ಚಿತ್ರ ಬರುತ್ತದೆ. ಅರ್ಧ ಚಿತ್ರವೆಂಬುದು ಇಲ್ಲವಾದ್ದರಿಂದ ಒಮ್ಮೆ 12ಕ್ಕೆ, ಒಮ್ಮೆ 13ಕ್ಕೆ ಕತ್ತರಿಸಬೇಕು. ತಪ್ಪಿದರೆ ಕಣ್ಣಿಗೆ ಕಾರಣ ತಿಳಿಯದಿದ್ದರೂ ಏನೋ ಎಡವಿದಂತಾಗುತ್ತದೆ. ಈ ಭಾಗಾಕಾರವನ್ನು ಮಗಳು ವಿವರಿಸಿದಾಗ ಭಾವನವರು, “ಇದೂ ಗಣಿತವೇ” ಎಂದು ಮೆಲ್ಲನೆ ಒಪ್ಪಿಕೊಂಡರು. ಆದರೂ ನಿಜವನ್ನು ಮರೆಮಾಚಬಾರದು. ಆ ತಿಂಗಳ ಗಣಿತದ ಕಿರುಪರೀಕ್ಷೆಯಲ್ಲಿ ಹುಡುಗಿಗೆ ಅಂಕಗಳು ಇಳಿದುವು. ಮೂರು ವಿಷಯಗಳಿಗೂ ಹೊತ್ತನ್ನು ಹಂಚಿಕೊಳ್ಳುವುದನ್ನು ಅವಳು ಚೌಕಗಳನ್ನು ಹಂಚಿದಷ್ಟು ಚೆನ್ನಾಗಿ ಇನ್ನೂ ಕಲಿಯಬೇಕಾಗಿತ್ತು.

ನಾವು ಹೊರಡುವ ಹಿಂದಿನ ರಾತ್ರಿ ಚಿತ್ರವನ್ನು ಮನೆಯ ಟೆಲಿವಿಷನ್ನಿನಲ್ಲಿ ನೋಡಿದೆವು. ಕಡೆಯಲ್ಲಿ ಆ ಕೈ ಬಂದಿತು: ಸುಕ್ಕುಗಳ ನಡುವೆ ಓರೆಬಿಸಿಲು, ಪಕ್ಕದಲ್ಲಿ ಕೆಂಪು ಗವಸು. ಮೂರು ಆವರ್ತ, ಆರೇ ಸೆಕೆಂಡು. ಅಕ್ಕನ ಕಣ್ಣು ಒದ್ದೆಯಾಯಿತು. ತಾಯಿಯವರು ಮಾತ್ರ, “ಎರಡು ಗಂಟೆ ಕೂತದ್ದು ಇಷ್ಟಕ್ಕೇನೇ?” ಎಂದರು. ತುಸು ತಡೆದು, “ಇನ್ನೊಂದು ಸಲ ಹಾಕು” ಎಂದರು.

ಪರೀಕ್ಷಕರು ಆ ಚಿತ್ರಕ್ಕೆ ಎಷ್ಟು ಅಂಕ ಕೊಟ್ಟರೆಂಬುದನ್ನು ನಾವಿಲ್ಲಿ ಬರೆಯುವುದಿಲ್ಲ. ಅದು ಹುಡುಗಿಯ ಸ್ವಂತ ವಿಷಯ. ನಮ್ಮ ಗೃಹಸ್ಥ ವಾಚಕರಲ್ಲಿ ಅರಿಕೆಮಾಡಿಕೊಳ್ಳುವುದಿಷ್ಟೆ. ಹಣ ಕಡಮೆಯಿರುವುದು ಇಂಥ ಕೆಲಸಕ್ಕೆ ದೋಷವಲ್ಲ. ಓಣಿಯೂ ಕಾಗದವೂ ಒಂಟಿ ಕೈಗವಸೂ ಸಾಕು. ಆದರೆ ಹಣ ಕಡಮೆಯಾದಷ್ಟೂ ಮುಂದಾಲೋಚನೆ ಹೆಚ್ಚಬೇಕು, ಕೆಟ್ಟುದನ್ನು ಮತ್ತೆ ಕೊಳ್ಳುವ ಶಕ್ತಿ ಬಡವನಿಗಿಲ್ಲವಾದ್ದರಿಂದ. ಮಕ್ಕಳು ಇಂಥ ಕೆಲಸಕ್ಕೆ ಕೈಯಿಟ್ಟಾಗ ಹಿರಿಯರು ಕೊಡಬೇಕಾದದ್ದು ಹಣದ ಚೀಲವಲ್ಲ, ಎರಡು ಒಳ್ಳೆಯ ಪ್ರಶ್ನೆ, ಪೆಟ್ಟಿಗೆ ಹಿಡಿಯಲು ಒಂದು ಕೈ, ನಕ್ಕವರ ಮುಂದೆ ಜೊತೆಗೆ ನಿಲ್ಲುವ ಧೈರ್ಯ. ಮಿಕ್ಕದ್ದನ್ನು ಮಕ್ಕಳು ತಾವೇ ಮಾಡಿಯಾರು. ಮೊದಲನೆಯ ಶನಿವಾರ ಕೆಟ್ಟರೂ ಎರಡನೆಯ ಶನಿವಾರ ಮಾಡಿಯಾರು.