ಪಿಕಪ್ ಎತ್ತರವಾಗುತ್ತಿದೆ, ಕಾನೂನು ಎಲ್ಲಿದೆ?

ಮಳೆಗಾಲ ಕಾಲಿಟ್ಟಿತೆಂದರೆ ಮಲೆನಾಡಿನ ತೋಟದ ದಾರಿಗಳು ದಾರಿಗಳಾಗಿ ಉಳಿಯುವುದಿಲ್ಲ. ಮೂಡಿಗೆರೆ, ಸಕಲೇಶಪುರ, ಮಡಿಕೇರಿಯ ಆಸುಪಾಸಿನಲ್ಲಿ ನೀರು ಕೊರೆದ ಎರಡು ಕೊರಕಲುಗಳ ನಡುವೆ ಉಳಿದ ದಿಣ್ಣೆಗೆ ವಾಹನದ ಹೊಟ್ಟೆ ತಾಗಿತೆಂದರೆ, ಗೊಬ್ಬರದ ಮೂಟೆಯ ಸಮೇತ ಪಿಕಪ್ ಅಲ್ಲೇ ಕೂತಿತೆಂದೇ ಅರ್ಥ. ಹೀಗಾಗಿ ವಾಹನವನ್ನು ಎರಡು ಇಂಚು, ನಾಲ್ಕು ಇಂಚು ಎತ್ತರಿಸಿಕೊಳ್ಳುವ ಬಯಕೆಯನ್ನು ಬರಿಯ ಶೋಕಿಯೆಂದು ತಳ್ಳಿಹಾಕುವಂತಿಲ್ಲ. ನಗರಗಳಲ್ಲಿ ಅದು ಶೋಕಿಯೂ ಹೌದು ಎಂಬುದು ಬೇರೆ ಮಾತು.

ಆದರೆ ‘ಲಿಫ್ಟ್ ಕಿಟ್’ ಎಂಬ ಹೆಸರಿನಲ್ಲಿ ನಡೆಯುತ್ತಿರುವುದು ಕೇವಲ ಎತ್ತರದ ಬದಲಾವಣೆಯಲ್ಲ. ಅದು ವಾಹನದ ಮುಂಭಾಗದ ಸಸ್ಪೆನ್ಷನ್ ವ್ಯವಸ್ಥೆಯನ್ನೇ ಮಾರ್ಪಡಿಸುವ ಕೆಲಸ. ಈ ವ್ಯತ್ಯಾಸವನ್ನು ಮಾಲೀಕರು ಅರಿತಿಲ್ಲ, ಕಾನೂನು ಗಮನಿಸಿಲ್ಲ. ಸಮಸ್ಯೆಯ ಬೇರು ಇರುವುದು ಇಲ್ಲಿಯೇ.

ಜೀಪಿನ ವಿದ್ಯೆ, ಪಿಕಪ್‌ಗೆ ಸಾಲದು

ವಾಹನ ಎತ್ತರಿಸುವುದು ನಮ್ಮ ಗ್ಯಾರೇಜುಗಳಿಗೆ ಹೊಸದೇನಲ್ಲ. ಹಳೆಯ ಜೀಪುಗಳಿಗೆ ಮುಂದೆಯೂ ಹಿಂದೆಯೂ ಒಂದೇ ತುಂಡಿನ ಗಟ್ಟಿ ಆಕ್ಸಲ್, ಅದರ ಮೇಲೆ ಕಮಾನ್ ಪಟ್ಟಿ. ಒಂದೆರಡು ಪಟ್ಟಿ ಸೇರಿಸಿದರೆ ಅಥವಾ ಉದ್ದನೆಯ ಶ್ಯಾಕಲ್ ಹಾಕಿದರೆ ಗಾಡಿ ಮೇಲೇಳುತ್ತಿತ್ತು. ಆಕ್ಸಲ್ ಗಟ್ಟಿಯಾದ್ದರಿಂದ ಚಕ್ರಗಳು ಮಾತ್ರ ಮೊದಲಿನಂತೆಯೇ ನೆಟ್ಟಗೆ ನಿಲ್ಲುತ್ತಿದ್ದವು. ತಲೆಮಾರುಗಳಿಂದ ಬಂದ ಮೆಕ್ಯಾನಿಕ್‌ಗಳ ಅನುಭವ ರೂಪುಗೊಂಡಿದ್ದು ಇಂತಹ ಗಾಡಿಗಳ ಮೇಲೆ.

2016ರಲ್ಲಿ ಭಾರತಕ್ಕೆ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಮುಂತಾದ ಪಿಕಪ್‌ಗಳ ರಚನೆ ಬೇರೆ. ಹಿಂದೆ ಕಮಾನ್ ಪಟ್ಟಿಯೇ ಇದ್ದರೂ, ಮುಂದೆ ಪ್ರತಿ ಚಕ್ರವೂ ಸ್ವತಂತ್ರ. ಮೇಲೊಂದು ಕೆಳಗೊಂದು ತೋಳು, ನಡುವೆ ಕಾಯಿಲ್ ಸ್ಪ್ರಿಂಗ್. ತೋಳಿನ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಬಾಲ್ ಜಾಯಿಂಟ್ ಮೂಲಕ ಚಕ್ರಕ್ಕೆ. ಈ ತೋಳುಗಳು ಕಂಸದಾಕಾರದಲ್ಲಿ ಚಲಿಸುತ್ತವೆ. ಚಾಸಿಯನ್ನು ಮೇಲೆತ್ತಿದರೆ ತೋಳುಗಳು ಕೆಳಕ್ಕೆ ಬಾಗುತ್ತವೆ; ಚಕ್ರದ ನಿಲುವೇ ಓರೆಯಾಗುತ್ತದೆ.

ಅತ್ಯಂತ ಅಗ್ಗದ ದಾರಿಯೆಂದರೆ ಸ್ಪ್ರಿಂಗಿನ ಮೇಲೆ ಒಂದು ಬಿಲ್ಲೆ ಕೂರಿಸುವುದು. ಸ್ಪ್ರಿಂಗ್ ನಿಂತಿರುವುದು ತೋಳಿನ ಮಧ್ಯಭಾಗದಲ್ಲಿ. ಆದ್ದರಿಂದ ಒಂದು ಇಂಚಿನ ಬಿಲ್ಲೆ ಗಾಡಿಯನ್ನು ಹೆಚ್ಚುಕಡಿಮೆ ಎರಡು ಇಂಚು ಎತ್ತುತ್ತದೆ. ನೋಡುವವರಿಗೆ ಇದು ಲಾಭವೆನಿಸಬಹುದು. ಆದರೆ ಚಕ್ರ ಕೆಳಗಿಳಿಯಲು ಇದ್ದ ಅವಕಾಶ ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ. ಗುಂಡಿಗೆ ಇಳಿದಾಗ ಬಾಲ್ ಜಾಯಿಂಟ್ ತನ್ನ ಮಿತಿಗೆ ತಾಗುತ್ತದೆ. ನಾಲ್ಕು ಚಕ್ರ ಚಾಲನೆಯ ಗಾಡಿಯಾದರೆ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟ್‌ಗಳು ಸದಾ ಓರೆಯಲ್ಲೇ ತಿರುಗಿ, ಜಾಯಿಂಟ್‌ನ ರಬ್ಬರ್ ಹೊದಿಕೆ ಹರಿದು, ಗ್ರೀಸ್ ಹೋಗಿ ಬೇಗ ಸವೆಯುತ್ತವೆ.

ಎರಡು ಇಂಚಿನವರೆಗೆ ಸರಿಯಾದ ಉದ್ದದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಾಗೂ ಕೋನ ಬದಲಿಸಿದ ಮೇಲಿನ ತೋಳು ಹಾಕಿ, ಬಳಿಕ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದರೆ ಸಮತೋಲನ ಸಾಧ್ಯ. ನಾಲ್ಕು ಇಂಚು ದಾಟಿದರೆ ಕತೆಯೇ ಬೇರೆ. ಕೆಳಗಿನ ತೋಳು, ಮುಂದಿನ ಡಿಫರೆನ್ಷಿಯಲ್ ಇವನ್ನು ಬ್ರಾಕೆಟ್‌ಗಳ ಮೂಲಕ ಕೆಳಕ್ಕಿಳಿಸಬೇಕು. ಬ್ರೇಕಿನ ಹೋಸ್‌ಪೈಪ್, ಎಬಿಎಸ್ ಸೆನ್ಸರಿನ ತಂತಿ ಉದ್ದವಾಗಬೇಕು. ಕೊನೆಯ ಹೆಜ್ಜೆಯೆಂದರೆ ಇಡೀ ಸ್ವತಂತ್ರ ವ್ಯವಸ್ಥೆಯನ್ನು ಕಿತ್ತು ಗಟ್ಟಿ ಆಕ್ಸಲ್ ಕೂರಿಸುವುದು. ಆಗ ಸ್ಟೀರಿಂಗ್ ವ್ಯವಸ್ಥೆಯೂ ಬದಲಾಗಬೇಕಾಗುತ್ತದೆ. ಚಾಸಿಗೆ ವೆಲ್ಡಿಂಗ್ ಬೀಳುತ್ತದೆ. ಆ ವೆಲ್ಡಿಂಗ್ ಮೇಲೆಯೇ ಸವಾರರ ಜೀವ ನಿಂತಿರುತ್ತದೆ.

ಎತ್ತರಕ್ಕೆ ತೆರುವ ಬೆಲೆ

ವಾಹನ ಮಗುಚುವ ಅಪಾಯವನ್ನು ಅಳೆಯಲು ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತವು ಒಂದು ಸರಳ ಸೂತ್ರ ಬಳಸುತ್ತದೆ: ಎಡಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸುವುದು. ಉದಾಹರಣೆಗೆ ಅಗಲ 154 ಸೆಂ.ಮೀ., ಗುರುತ್ವ ಕೇಂದ್ರ 70 ಸೆಂ.ಮೀ. ಎತ್ತರದಲ್ಲಿದ್ದರೆ ಉತ್ತರ 1.10. ಆ ಕೇಂದ್ರ ಕೇವಲ 5 ಸೆಂ.ಮೀ. ಮೇಲೇರಿದರೆ ಉತ್ತರ ಸುಮಾರು 1.03ಕ್ಕೆ ಇಳಿಯುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಮಗುಚುವುದು ಸುಲಭ. ಶಿರಾಡಿ ಘಾಟಿಯ ತಿರುವಿನಲ್ಲಿ ಹೇರು ಹೊತ್ತ ಪಿಕಪ್‌ಗೆ ಇದು ಕಾಗದದ ಲೆಕ್ಕವಾಗಿ ಉಳಿಯುವುದಿಲ್ಲ. ಎದುರಿನಿಂದ ಬರುವವನ ಕಣ್ಣಿಗೆ ನೇರವಾಗಿ ಬಡಿಯುವ ಹೆಡ್‌ಲೈಟ್ ಇನ್ನೊಂದು ಅಪಾಯ.

ನಿಷೇಧವಿದೆ, ನಿಯಂತ್ರಣವಿಲ್ಲ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಿತು.

ಕಾನೂನು ಕಠಿಣವಾಗಿಯೇ ಇದೆ. ಆದರೆ ನೋಡುವವರು ಯಾರು? ಖಾಸಗಿ ವಾಹನದ ನೋಂದಣಿಗೆ 15 ವರ್ಷಗಳ ಅವಧಿ. ಸರಕು ವಾಹನಗಳಂತೆ ಅದು ಆಗಿಂದಾಗ್ಗೆ ಸಾಮರ್ಥ್ಯ ಪರೀಕ್ಷೆಗೆ ನಿಲ್ಲಬೇಕಿಲ್ಲ. ರಸ್ತೆಯಲ್ಲಿ ಪೊಲೀಸರು ಅಡ್ಡಗಟ್ಟಿದರೂ ಅವರ ಕಣ್ಣಿಗೆ ಬೀಳುವುದು ದೊಡ್ಡ ಟೈರು, ಎತ್ತರದ ಬಂಪರ್. ಬಾಲ್ ಜಾಯಿಂಟ್ ಯಾವ ಕೋನದಲ್ಲಿದೆ ಎಂಬುದು ಯಾರಿಗೂ ಕಾಣದು. ವಿಪರ್ಯಾಸವೆಂದರೆ, ಅಳತೆಯರಿತು ಮಾಡಿದ ಎರಡು ಇಂಚಿನ ಕೆಲಸವೂ ಬಿಲ್ಲೆ ತುರುಕಿದ ಕೆಲಸವೂ ಕಾನೂನಿನ ಮುಂದೆ ಒಂದೇ. ಎರಡೂ ಅಪರಾಧವಾದ ಮೇಲೆ ಅಗ್ಗದ್ದನ್ನೇ ಆರಿಸಿಕೊಳ್ಳುವವರ ಸಂಖ್ಯೆ ಹೆಚ್ಚಿದರೆ ಅಚ್ಚರಿಯಿಲ್ಲ. ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯುವ ಭಯದಿಂದ ಮಾಲೀಕ ಬಾಯಿ ಬಿಡುವುದಿಲ್ಲ. ರಸೀದಿ ಕೊಟ್ಟರೆ ಸಾಕ್ಷ್ಯವಾದೀತೆಂದು ಗ್ಯಾರೇಜಿನವನೂ ಕೊಡುವುದಿಲ್ಲ.

ಹೊರಗಿನ ಅನುಭವ ಇಲ್ಲಿ ಉಪಯುಕ್ತ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸಸ್ಪೆನ್ಷನ್ನಿನಿಂದ 50 ಮಿ.ಮೀ., ಟೈರಿನಿಂದ 25 ಮಿ.ಮೀ. ಹೀಗೆ ಒಟ್ಟು 75 ಮಿ.ಮೀ.ವರೆಗಿನ ಎತ್ತರಕ್ಕೆ ಅವಕಾಶವಿದೆ. ಅದನ್ನು ದಾಟಿದರೆ ಅಧಿಕೃತ ತಜ್ಞರ ಪ್ರಮಾಣಪತ್ರ ಬೇಕು. ಪಿಕಪ್‌ಗಳ ತವರೆನಿಸಿದ ಅಮೆರಿಕದಲ್ಲೂ, ಮುಂಭಾಗವನ್ನಷ್ಟೇ ಎತ್ತಿ ಹಿಂಭಾಗ ತಗ್ಗಿಸುವ ಹುಚ್ಚು ಹೆಚ್ಚಿದಾಗ ನಾರ್ತ್ ಕೆರೊಲಿನಾ ರಾಜ್ಯ 2021ರಲ್ಲಿ ಗೆರೆ ಎಳೆಯಿತು: ಮುಂದಿನ ಮಡ್‌ಗಾರ್ಡ್ ಹಿಂದಿನದಕ್ಕಿಂತ ನಾಲ್ಕು ಇಂಚು ಅಥವಾ ಅದಕ್ಕೂ ಹೆಚ್ಚು ಎತ್ತರವಿರುವಂತಿಲ್ಲ. ಎರಡೂ ಕಡೆ ನಿಯಮಕ್ಕೆ ಅಳತೆಯಿದೆ. ಪಟ್ಟಿ ಹಿಡಿದು ನೋಡಿದರೆ ಸಾಕು, ತಪ್ಪೋ ಒಪ್ಪೋ ತಿಳಿಯುತ್ತದೆ.

ನಮ್ಮಲ್ಲಿಯೂ ದಾರಿ ಮುಚ್ಚಿಲ್ಲ. ಮಾರ್ಪಾಡಿನ ಮಾನದಂಡ ಹಾಗೂ ಅನುಮೋದನೆಯ ಷರತ್ತುಗಳನ್ನು ಕೇಂದ್ರ ಸರ್ಕಾರ ನಿಗದಿಪಡಿಸಬಹುದೆಂದು 2019ರ ತಿದ್ದುಪಡಿಯೇ ಹೇಳುತ್ತದೆ. ಸಿಎನ್‌ಜಿ ಕಿಟ್‌ಗಳನ್ನು ಪರೀಕ್ಷಿಸಿ ಒಪ್ಪಿಗೆ ನೀಡುವ ಪುಣೆಯ ಎಆರ್‌ಎಐನಂತಹ ಸಂಸ್ಥೆಗಳಿವೆ. ಅನಿಲ ಕಿಟ್‌ಗೆ ಸಾಧ್ಯವಾದದ್ದು ಸಸ್ಪೆನ್ಷನ್ ಕಿಟ್‌ಗೆ ಏಕೆ ಸಾಧ್ಯವಾಗಬಾರದು? ಪರೀಕ್ಷೆಗೊಳಗಾದ ಕಿಟ್, ತರಬೇತಿ ಪಡೆದ ಗ್ಯಾರೇಜು, ನೋಂದಣಿ ಪತ್ರದಲ್ಲಿ ಒಂದು ಸಾಲಿನ ನಮೂದು, ಎತ್ತರಕ್ಕೊಂದು ಮಿತಿ. ಇಷ್ಟಾದರೆ ಅಡಗಿ ನಡೆಯುವ ಕೆಲಸ ಬೆಳಕಿಗೆ ಬರುತ್ತದೆ. ಮಿತಿ ಮೀರಿದವರ ಮೇಲೆ ಕ್ರಮ ಕೈಗೊಳ್ಳಲು ಇಲಾಖೆಗೂ ನೈತಿಕ ಬಲ ಬರುತ್ತದೆ.

ಅಲ್ಲಿಯವರೆಗೆ ಮಾಲೀಕರು ಒಂದು ಮಾತು ನೆನಪಿಟ್ಟರೆ ಒಳ್ಳೆಯದು. ತೋಟದ ದಾರಿಯಲ್ಲಿ ಗಾಡಿ ಸಿಕ್ಕಿಕೊಂಡರೆ ಎಳೆಯಲು ಟ್ರ್ಯಾಕ್ಟರ್ ಬಂದೀತು. ಘಾಟಿಯ ತಿರುವಿನಲ್ಲಿ ಬಾಲ್ ಜಾಯಿಂಟ್ ಕಳಚಿದರೆ ಯಾರೂ ಬರಲಾರರು.