ಗಂಬಕ್ಕೆ ಬಡಿದ ನಾಲ್ಕು ಚೆಂಡು

ತಂಡ ಸೋತಾಗ ಬಯ್ಯುವುದು ಅಭಿಮಾನಿಯ ಹಕ್ಕು. ಗೆದ್ದಾಗಲೂ ಲಿವರ್‌ಪೂಲ್ ಅಭಿಮಾನಿಗಳನ್ನು ಎರಡು ಪಂಗಡ ಮಾಡಿದವನು ಉರುಗ್ವೆಯ ಮುನ್ಪಡೆ ಆಟಗಾರ ಡಾರ್ವಿನ್ ನೂನೆಜ್.

2024ರ ಜನವರಿ 31ರಂದು ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ 4–1ರಿಂದ ಚೆಲ್ಸಿಯನ್ನು ಮಣಿಸಿತು. ನೂನೆಜ್ ಹೊಡೆದ ಚೆಂಡು ನಾಲ್ಕು ಸಲ ಗೋಲುಗಂಬಕ್ಕೋ ಅಡ್ಡಪಟ್ಟಿಗೋ ಬಡಿಯಿತು. ಅದರಲ್ಲೊಂದು ಪೆನಾಲ್ಟಿ! ಆತನ ಹೆಸರಿನಲ್ಲಿ ಗೋಲು ಮಾತ್ರ ಸೊನ್ನೆ. ಆದರೆ ನಾಲ್ಕನೆಯ ಗೋಲಿಗೆ ಲೂಯಿಸ್ ಡಿಯಾಸ್‌ಗೆ ಚೆಂಡು ಒದಗಿಸಿದ್ದೂ ಆತನೇ.

ಇಂಥವನನ್ನು ಅಳೆಯುವುದು ಹೇಗೆ? ಈಗ ‘ನಿರೀಕ್ಷಿತ ಗೋಲು’ ಎಂಬ ಲೆಕ್ಕವಿದೆ. ಹೊಡೆದ ಜಾಗ, ಕೋನ ಮುಂತಾದವನ್ನು ನೋಡಿ ಗೋಲಾಗುವ ಸಂಭವವನ್ನು ಅದು ಹೇಳುತ್ತದೆ. ಪೆನಾಲ್ಟಿಯಾದರೆ ನೂರಕ್ಕೆ ಮುಕ್ಕಾಲು ಪಾಲಿಗೂ ತುಸು ಹೆಚ್ಚು. 2023–24ರ ಲೀಗ್‌ನಲ್ಲಿ ನೂನೆಜ್ ಗಳಿಸಿದ್ದು 11 ಗೋಲು; ಲೆಕ್ಕದ ಪ್ರಕಾರ ಇನ್ನೂ ಹೆಚ್ಚು ಬರಬೇಕಿತ್ತು. ದುಂದುಗಾರ ಎಂಬ ದೂರು ಸುಳ್ಳಲ್ಲ. ಆದರೆ ಅಷ್ಟು ಅವಕಾಶ ಸಿಗಲು ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಓಡಿರಬೇಕಲ್ಲ! ಆ ಓಟವನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. (ತೊಂಬತ್ತು ಅಂಕ ತಂದ ಮಗಳನ್ನು ‘ಉಳಿದ ಹತ್ತೆಲ್ಲಿ?’ ಎನ್ನುವ ಅಪ್ಪಂದಿರು ಇವರ ನೆಂಟರೇ.)

2023ರ ಆಗಸ್ಟ್‌ನಲ್ಲಿ ನ್ಯೂಕ್ಯಾಸಲ್ ಎದುರು ಹತ್ತೇ ಆಟಗಾರರಿದ್ದ ತಂಡ 0–1ರಿಂದ ಹಿಂದಿತ್ತು. ಬದಲಿಯಾಗಿ ಬಂದ ನೂನೆಜ್ ಎರಡು ಗೋಲು ಹೊಡೆದು ಗೆಲ್ಲಿಸಿದ.

ಆದರೂ ಸಹನೆಗೆ ಮಿತಿಯುಂಟು. 2024–25ರಲ್ಲಿ ಲಿವರ್‌ಪೂಲ್ ಲೀಗ್ ಗೆದ್ದಾಗ ಆತನ ಪಾಲು ಬರೀ 5 ಗೋಲು. 2025ರ ಆಗಸ್ಟ್‌ನಲ್ಲಿ ಸೌದಿಯ ಅಲ್ ಹಿಲಾಲ್‌ಗೆ ಹೋದ. ಆ ಐದರಲ್ಲಿ ಎರಡು ಬಂದದ್ದು ಬ್ರೆಂಟ್‌ಫರ್ಡ್ ಎದುರು, ತೊಂಬತ್ತು ನಿಮಿಷ ಮುಗಿದ ಮೇಲೆ, 0–0 ಇದ್ದಾಗ.